ಅಮ್ಮ ಒಂಟೆ ಹತ್ತಿದ ಕಥೆ

ಮಲೇಷ್ಯಾದ ಸುಬಾಂಗ್ ಜಯಾದಲ್ಲಿರುವ ನಮ್ಮ ಮನೆಯಿಂದ ಪ್ರತಿ ಭಾನುವಾರ ಬೆಳಿಗ್ಗೆ ಮೈಸೂರಿಗೆ ವಿಡಿಯೋ ಕಾಲ್. ಅಲ್ಲಿ ನಮ್ಮಮ್ಮ, ಇಲ್ಲಿ ಹನ್ನೊಂದು ವರ್ಷದ ಮಗಳು, ನಡುವೆ ದುಭಾಷಿ ನಾನು. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ಇಂಗ್ಲಿಷ್. ಅಮ್ಮನಿಗೆ ಇಂಗ್ಲಿಷ್ ಬಾರದು. ಮಗಳು ಒಂದು ಸಾಲು ಹೇಳಿದರೆ ನಾನು ಉಪ್ಪು ಖಾರ ಹಚ್ಚಿ ಮೂರು ಸಾಲು ಒಪ್ಪಿಸುತ್ತಿದ್ದೆ. ದೊಡ್ಡ ಉಪಕಾರ ಮಾಡುತ್ತಿದ್ದೇನೆಂದು ನನ್ನ ಜಂಬ ಬೇರೆ. ಐದು ನಿಮಿಷಕ್ಕೆ ಮಗಳು ಎದ್ದು ಹೋಗುತ್ತಿದ್ದಳು.

"ಅವಳಿಗೆ ನನ್ನ ಹತ್ರ ಮಾತೇ ಇಲ್ವೇನೇ?" ಎಂದು ಅಮ್ಮ ಒಮ್ಮೆ ಕೇಳಿಯೇಬಿಟ್ಟರು. ಅಜ್ಜಿ ಮೊಮ್ಮಗಳು ಹೀಗೇ ಪರದೆಯ ಮೇಲಿನ ಮುಖಗಳಾಗಿ ಉಳಿದುಬಿಟ್ಟರೆ ಎಂದು ನಿಜಕ್ಕೂ ಹೆದರಿದೆ.

ಕಳೆದ ತಿಂಗಳು ಶಾಲೆಯಲ್ಲಿ ಮಗಳಿಗೆ ಇಂಗ್ಲಿಷಿನ ಯಾವುದಾದರೂ ಹಳೆಯ ಪದದ ಬಗ್ಗೆ ಮಾತಾಡಲು ಹೇಳಿದರು. ಅವಳು ಹುಡುಕಿಕೊಂಡದ್ದು 'ಊಂಟ್'. ಇಂಡಿಯಾದಲ್ಲಿದ್ದ ಬ್ರಿಟಿಷ್ ಸಿಪಾಯಿಗಳು ಒಂಟೆಗೆ ಹಿಂದೂಸ್ತಾನಿಯಿಂದ ಎತ್ತಿಕೊಂಡ ಹೆಸರು. ಸಾಮಾನು ಹೊರುವ ಒಂಟೆ ಮೊಂಡು ಹಿಡಿದರೆ ಅದೇ ಹೆಸರಿನಿಂದ ಬೈಯುತ್ತಿದ್ದರಂತೆ. ಮಲಯ್ ಭಾಷೆಯ 'ಉಂಟಾ' ಅವಳಿಗೆ ಗೊತ್ತೇ ಇತ್ತು. ನಮ್ಮ 'ಒಂಟೆ'ಯೂ ಅದೇ ಬಳಗ ಎಂದೆ. ಅವಳ ಕಣ್ಣರಳಿತು. "ಆಸ್ಕ್ ಅಜ್ಜಿ ಲಾ!" ಎಂದಳು, ಇಲ್ಲಿಯವರ ಹಾಗೆ ಮಾತಿನ ಕೊನೆಗೊಂದು 'ಲಾ' ಅಂಟಿಸಿ.

ಆ ಭಾನುವಾರ ನಾನು ತಿಂಡಿ ಟಪಾವ್, ಅಂದರೆ ಪಾರ್ಸೆಲ್, ಮಾಡಿಸಿಕೊಂಡು ಬರಲು ತಮಿಳು ಮುಸ್ಲಿಮರ ಮಾಮಕ್ ಅಂಗಡಿಗೆ ಹೋಗಿದ್ದೆ. ಕ್ಯೂ ಹನುಮಂತನ ಬಾಲ. ರೊಟ್ಟಿಯ ಪೊಟ್ಟಣ ಹಿಡಿದು ಬಾಗಿಲು ತೆಗೆದರೆ ನನಗೆ ಕಾಯದೆ ತಾನೇ ಕಾಲ್ ಮಾಡಿದ್ದ ಮಗಳ ದನಿ ಒಳಗಿನಿಂದ: "ಅಜ್ಜಿ, ನೀನು ಒಂಟೆ ಮೇಲೆ ಹೋಗಿದ್ದಾ?"

ತಪ್ಪೋ ಒಪ್ಪೋ, ಕನ್ನಡ! ಚಪ್ಪಲಿ ಬಿಡುವುದನ್ನೂ ಮರೆತು ನಿಂತೆ.

ಅಮ್ಮ ಹೇಳುತ್ತಿದ್ದರು. ಚಿಕ್ಕವರಿದ್ದಾಗ ಬೀದಿಗೆ ಒಂಟೆಯವನು ಬಂದಿದ್ದ. ಮನೆಯಲ್ಲಿ ಹೇಳದೆ ಹತ್ತಿದರು. ಸುತ್ತು ಮುಗಿದರೂ ಒಂಟೆ ಕೂರಲೊಲ್ಲದು. ಮೇಲೆ ಇವರ ಗೋಳು, ಕೆಳಗೆ ಊರೆಲ್ಲ ನಗು. ಈ ಕಥೆ ನನಗೇ ಗೊತ್ತಿರಲಿಲ್ಲ! ನಾನು ಎಂದೂ ಕೇಳಿರಲಿಲ್ಲ, ನನಗೆ ಸದಾ ಮಗಳ ಮಾತು ಒಪ್ಪಿಸುವ ಗಡಿಬಿಡಿ.

"ಆಮೇಲೆ?" ಎಂದಳು ಮಗಳು.

"ಆಮೇಲೆ ಮುಂಗಾಲು ಮಡಚ್ತು ನೋಡು..."

"ಮುಂಗಾಲು ಅಂದ್ರೆ?"

ಹುಟ್ಟುಗುಣ ಸುಟ್ಟರೂ ಹೋಗದು. ನಡುವೆ ಬಾಯಿ ಹಾಕಿದೆ: "ಫ್ರಂಟ್ ಲೆಗ್ಸ್ ಕಣೇ..."

ಅಮ್ಮ ಆಗಲೇ ಎರಡೂ ಕೈ ಮುಂದೆ ಊರಿ, ಒಂಟೆಯಾಗಿ ಬಗ್ಗುತ್ತಿದ್ದರು. ಅಲ್ಲಿಂದಲೇ ತಲೆಯೆತ್ತಿ ನನ್ನನ್ನು ಗದರಿದರು: "ನೀನು ಸುಮ್ನಿರೇ. ನಾವಿಬ್ರೂ ಮಾತಾಡ್ತಿದೀವಿ."

ಅಮ್ಮ ಬೈದದ್ದಕ್ಕೆ ನಾನು ಅಷ್ಟು ಸಂತೋಷಪಟ್ಟಿದ್ದು ಅದೇ ಮೊದಲು.