ದೊಡ್ಡಪ್ಪನ ಗೋಬರ್ ಗ್ಯಾಸ್

ನಾನು ಮರೆಯುವವಳಲ್ಲ, ಮನ್ನಿಸುವವಳಂತೂ ಅಲ್ಲವೇ ಅಲ್ಲ. ನಮ್ಮ ದೊಡ್ಡಪ್ಪ ತೀರಿಹೋಗಿ ಎಷ್ಟೋ ವರ್ಷವಾಯಿತು. ಇವತ್ತಿಗೂ ಅವರ ಶ್ರಾದ್ಧದ ದಿನ ನೆಂಟರಿಷ್ಟರು ಕೂಡಿ ಅವರ ಮಡಿ, ಅವರ ಆಚಾರ ಎಂದು ಹೊಗಳುತ್ತಾರೆ. ನಾನು ಅಲ್ಲೇ ಕಂಬಕ್ಕೆ ಒರಗಿ ಕೂತು ಒಳಗೊಳಗೇ ನಗುತ್ತೇನೆ. ಬರೆಯುವಾಗಲೂ ಕೈ ‘ಅವರು’ ಎಂದೇ ಬರೆಯುತ್ತಿದೆ. ಅದು ರೂಢಿ, ಪ್ರೀತಿ ಅಲ್ಲ.

ಇಂಡಿ ತಾಲೂಕಿನ ಒಂದು ಊರಲ್ಲಿ ನಮ್ಮ ಮನೆ. ಹೊಲ, ದನ, ಮನೆ ಎಲ್ಲವೂ ದೊಡ್ಡಪ್ಪನ ಹೆಸರಲ್ಲಿದ್ದವು. ದೊಡ್ಡವ್ವ ಮೊದಲೇ ತೀರಿಕೊಂಡಿದ್ದಳು, ಅವರಿಗೆ ಮಕ್ಕಳಿರಲಿಲ್ಲ. ನಮ್ಮಪ್ಪ ಮುದ್ದೇಬಿಹಾಳದ ಕಡೆ ಶಾಲಾ ಮಾಸ್ತರರು. ಶನಿವಾರ ಸಂಜೆ ಬಂದು ಸೋಮವಾರ ಮೊದಲ ಬಸ್ಸಿಗೆ ಹೊರಟುಬಿಡುತ್ತಿದ್ದರು. ಅಡಿಗೆ ಅವ್ವನದು. ನಮ್ಮ ಮನೆಯಲ್ಲಿ ಅಡಿಗೆ ಅಂದರೆ ಮಡಿ ಅಡಿಗೆ. ಬೆಳಿಗ್ಗೆ ತಣ್ಣೀರು ಸುರುವಿಕೊಂಡು, ಯಾರೂ ಮುಟ್ಟದ ಸೀರೆ ಉಟ್ಟು ಒಲೆಯ ಮುಂದೆ ಕೂತರೆ ದೇವರ ನೈವೇದ್ಯವಾಗಿ ದೊಡ್ಡಪ್ಪನ ಊಟ ಮುಗಿಯುವವರೆಗೆ ಅವಳು ನಮ್ಮನ್ನು ಮುಟ್ಟುವಂತಿರಲಿಲ್ಲ. ಚಿಕ್ಕವಳಿದ್ದಾಗ ಬಿದ್ದು ಮೊಣಕಾಲು ಕೆತ್ತಿಕೊಂಡು ಬಂದರೂ ಅವಳು ಅಡಿಗೆಮನೆಯ ಹೊಸ್ತಿಲಿನ ಆಚೆಯಿಂದಲೇ ‘ಅಳಬ್ಯಾಡ, ಅಳಬ್ಯಾಡ’ ಅನ್ನುತ್ತಿದ್ದಳು.

ಒಲೆಗೆ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಸಗಣಿಯ ಕುಳ್ಳು. ಅಡಿಗೆಮನೆಗೆ ಇದ್ದದ್ದು ಒಂದೇ ಬೆಳಕಿಂಡಿ. ಊರಿಗೆ ಸಿಲಿಂಡರ್ ಬಂದು ಬಹಳ ದಿನವಾಗಿತ್ತು. ಆದರೆ ದೊಡ್ಡಪ್ಪನದು ಒಂದೇ ಮಾತು: “ಆ ಡಬ್ಬಿ ಯಾರ್ಯಾರ ಹೆಗಲ ಮ್ಯಾಲೆ ಕೂತು ಬಂದಿರ್ತದೋ ಏನೋ. ನನ್ನ ದೇವ್ರಿಗೆ ಅದರ ಅನ್ನ ನಡ್ಯೂದಿಲ್ಲ.” ದೇವರನ್ನು ಯಾರೂ ಕೇಳಲಿಲ್ಲ. ಅವ್ವನನ್ನಂತೂ ಕೇಳುವ ಪ್ರಶ್ನೆಯೇ ಇರಲಿಲ್ಲ.

ಹೊಗೆ ಕುಡಿದು ಕುಡಿದು ಅವ್ವನಿಗೆ ಕೆಮ್ಮು ಅಂಟಿತು. ಆಮೇಲೆ ಎಡಗಣ್ಣು ಕೆಂಪಾಗಿ, ಹುಣ್ಣಾಗಿ, ಕೊನೆಗೆ ಅದರ ಮೇಲೆ ಬಿಳಿ ಪೊರೆಯೊಂದು ಕೂತುಬಿಟ್ಟಿತು. ಬಿಜಾಪುರದ ಡಾಕ್ಟರು ದೀಪ ಹಿಡಿದು ನೋಡಿ ಅಪ್ಪನಿಗೆ ಸ್ಪಷ್ಟವಾಗಿ ಹೇಳಿದರು: “ಇದು ಹೋತ್ರಿ. ಹಿಂಗ ಹೊಗಿ ಮುಂದ ಕುಂತ್ರ ಇನ್ನೊಂದೂ ಉಳಿಯೂದಿಲ್ಲ.” ಅಪ್ಪ ಮೊದಲ ಸಲ ಧೈರ್ಯ ಮಾಡಿ ಒಂದು ಸೀಮೆಎಣ್ಣೆ ಸ್ಟೋವ್ ಕೊಂಡು ತಂದರು. ಅವ್ವ ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಅದರ ಮೇಲೆ ಅನ್ನ, ಸಾರು ಮಾಡಿದಳು.

ದೊಡ್ಡಪ್ಪ ದೇವರಮನೆಯಿಂದ ಬಂದವರು ಮೂಗು ಏರಿಸಿ ವಾಸನೆ ನೋಡಿದರು. ಏನೂ ಕೂಗಾಡಲಿಲ್ಲ. ಒಂದು ಕೋಲಿನಿಂದ ಆ ಸ್ಟೋವನ್ನು ತಳ್ಳುತ್ತ ತಳ್ಳುತ್ತ ಹಿತ್ತಲಿಗೆ ಕೆಡವಿದರು. ಮಾಡಿದ ಅನ್ನವನ್ನು ದನಕ್ಕೆ ಹಾಕಿಸಿದರು. ಅಡಿಗೆಮನೆ ಸಾರಿಸಿ, ಮತ್ತೆ ತಲೆಮೇಲೆ ನೀರು ಹಾಕಿಕೊಂಡು, ಕಟ್ಟಿಗೆ ಒಲೆಯ ಮೇಲೆ ಹೊಸದಾಗಿ ಅಡಿಗೆಯಾಗಲಿ ಎಂದು ಹೇಳಿ ಜಪಕ್ಕೆ ಕೂತರು. ಅವ್ವ ಪಟ್ಟಿ ಬಿಚ್ಚಿ ತಲೆಗೆ ನೀರು ಹಾಕಿಕೊಂಡಳು. ಅಪ್ಪ ಪಡಸಾಲೆಯಲ್ಲಿ ಕೂತು ಪಂಚಾಂಗದ ಹಾಳೆ ತಿರುವುತ್ತಿದ್ದರು. ಆ ಪಂಚಾಂಗಕ್ಕೆ ಬೆಂಕಿ ಇಡಬೇಕು ಅನ್ನಿಸಿತು ನನಗೆ. ಅವತ್ತೇ ನಿಶ್ಚಯಿಸಿದೆ: ಈ ಮಡಿಯಲ್ಲೇ ಈ ಮನುಷ್ಯನನ್ನು ಹಿಡಿಯಬೇಕು, ಬೇರೆಲ್ಲೂ ಅಲ್ಲ.

ಅದೇ ವರ್ಷ ದೊಡ್ಡಪ್ಪನ ಮೊಣಕಾಲು ಹಿಡಿದವು. ಹಳ್ಳದವರೆಗೆ ನಡೆಯಲಾಗದೆ ಹಿತ್ತಲಲ್ಲಿ ದನದ ಕೊಟ್ಟಿಗೆಯ ಪಕ್ಕ ಒಂದು ಸಂಡಾಸ ಕಟ್ಟಿಸಿಕೊಂಡರು. ಅದಕ್ಕೆ ಬೀಗ ಹಾಕಿ ಕೀಲಿಯನ್ನು ಜನಿವಾರಕ್ಕೆ ಕಟ್ಟಿಕೊಂಡರು. ಅವ್ವ, ನಾನು ಮೊದಲಿನ ಹಾಗೆ ತಂಬಿಗೆ ಹಿಡಿದು ಹಳ್ಳದ ಕಡೆಗೇ ಹೋಗುತ್ತಿದ್ದೆವು. ಒಂದು ಕಣ್ಣಿನವಳು ಮುಳ್ಳುಕಂಟಿಯಲ್ಲಿ ತಡವರಿಸುತ್ತ ನಡೆಯುವುದನ್ನು ಕಂಡೂ ಅವರಿಗೆ ಆ ಕೀಲಿ ಕೊಡಬೇಕೆನಿಸಲಿಲ್ಲ.

ಆಗ ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಬಿ.ಎ. ಮುಗಿಸಿ ಇಂಡಿಯ ಒಂದು ಸರಕಾರಿ ಕಚೇರಿಯಲ್ಲಿ ದಿನಗೂಲಿ ಟೈಪಿಸ್ಟ್ ಆಗಿದ್ದೆ. ಈಗ ಪತ್ರಿಕೆ ತೆರೆದರೆ ದೇಶದೇಶದ ಸರಕಾರಗಳು ಕೂಡಿ ಇಂಗಾಲ ಇಳಿಸುವ ಮಾತಾಡುತ್ತಿರುತ್ತವೆ, ಗಾಳಿ-ಬಿಸಿಲಿನ ಕರೆಂಟಿಗೆ ಯಾವ ದೇಶ ಎಷ್ಟು ನೆರವು ಕೊಡುತ್ತದೆ ಎಂದು ಚರ್ಚಿಸುತ್ತಿರುತ್ತವೆ. ಆಗ ನಮ್ಮ ಕಚೇರಿಯಲ್ಲಿ ಇದ್ದದ್ದು ಗೋಡೆಗೆ ಅಂಟಿಸಿದ ‘ಕಾಡು ಉಳಿಸಿ, ಗೋಬರ್ ಗ್ಯಾಸ್ ಬಳಸಿ’ ಎಂಬ ಚಿತ್ರ, ಒಂದು ಫಾರ್ಮು ಮತ್ತು ಮಾರ್ಚ್ ತಿಂಗಳು. ಮಾರ್ಚ್ ಮುಗಿಯುವುದರೊಳಗೆ ಇಷ್ಟು ಗ್ಯಾಸ್ ಗುಂಡಿ ಆಗಲೇಬೇಕು ಎಂದು ಮೇಲಿನಿಂದ ಆದೇಶ ಬರುತ್ತಿತ್ತು. ಸಿಂದಗಿಯಿಂದ ವರ್ಗವಾಗಿ ಬಂದಿದ್ದ ನಮ್ಮ ಸಾಹೇಬರು ಡಿಸೆಂಬರಿನಿಂದಲೇ ನಿದ್ದೆಗೆಟ್ಟವರಂತೆ ಓಡಾಡುತ್ತಿದ್ದರು.

ಆ ಫಾರ್ಮನ್ನು ಟೈಪ್ ಮಾಡಿ ಮಾಡಿ ನನಗೆ ಬಾಯಿಪಾಠವಾಗಿತ್ತು. ಹೆಸರು, ಜಮೀನು, ದನಗಳೆಷ್ಟು, ಜಾಗವೆಷ್ಟು. ಕೊನೆಯ ಸಾಲು: ಶೌಚಾಲಯವನ್ನು ಗುಂಡಿಗೆ ಜೋಡಿಸಲು ಒಪ್ಪಿಗೆ ಇದೆಯೇ? ಜೋಡಿಸಿದವರಿಗೆ ಸಬ್ಸಿಡಿ ಸ್ವಲ್ಪ ಹೆಚ್ಚು. ದೆಹಲಿಯಲ್ಲಿ ಕೂತು ಆ ಸಾಲು ಬರೆದ ಪುಣ್ಯಾತ್ಮ ಯಾರೋ ನನಗೆ ಗೊತ್ತಿಲ್ಲ. ಸಿಕ್ಕಿದ್ದರೆ ಕಾಲಿಗೆ ಬೀಳುತ್ತಿದ್ದೆ. ನಮ್ಮ ಸೀಮೆಯಲ್ಲಿ ಆ ಸಾಲಿಗೆ ಹೌದು ಅನ್ನುವವರು ಸಿಗದೆ ಸಾಹೇಬರು ಹಣೆ ಹಣೆ ಗಟ್ಟಿಸಿಕೊಳ್ಳುತ್ತಿದ್ದರು. “ಒಂದರ ಮನಿ ತೋರಸ್ರೆವಾ” ಎಂದು ಅವರು ಅಂದ ದಿನ ನಾನು ಟೈಪ್‌ರೈಟರಿಗೆ ಹಾಳೆ ಏರಿಸಿ ದೊಡ್ಡಪ್ಪನ ಹೆಸರು ಹೊಡೆದೆ.

ದೊಡ್ಡಪ್ಪನನ್ನು ಒಪ್ಪಿಸುವುದು ನಾನು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. “ಇದು ಆಕಳ ಸಗಣಿ ಅಗ್ನಿ ದೊಡ್ಡಪ್ಪ. ಹೊರಗಿಂದ ಯಾರೂ ತಂದಕೊಡೋದಲ್ಲ, ನಮ್ಮ ಮನಿ ಗೋಮಯದ್ದು. ಊರಾಗ ಮೊದಲನೇದು ನಿಮ್ಮದ ಆಗ್ತದ” ಅಂದೆ. ಅವರ ಮುಖ ಅರಳಿತು. ಎರಡು ದಿನ ಶಾಸ್ತ್ರ ಯೋಚಿಸಿ, ಗೋಮಯದಿಂದ ಹುಟ್ಟಿದ ಬೆಂಕಿ ಕಟ್ಟಿಗೆಯ ಬೆಂಕಿಗಿಂತ ಒಂದು ಕೈ ಹೆಚ್ಚೇ ಎಂದು ತಾವೇ ತೀರ್ಮಾನ ಕೊಟ್ಟರು.

ಕಚೇರಿಯ ಕಾಗದವನ್ನು ಅವರು ಎಂದೂ ಕೈಯಲ್ಲಿ ಹಿಡಿಯುತ್ತಿರಲಿಲ್ಲ. ಎಷ್ಟು ಜನರ ಕೈ ದಾಟಿ ಬಂದ ಮೈಲಿಗೆಯೋ ಎಂದು ಅವರ ಅಂಜಿಕೆ. ಕಂದಾಯದ ಕಾಗದವಿರಲಿ, ಬ್ಯಾಂಕಿನದಿರಲಿ, ನೆಲದ ಮೇಲೆ ಇಡಿಸಿ, ಯಾರಿಂದಾದರೂ ಓದಿಸಿ ಕೇಳಿ, ಬಗ್ಗಿ ಪೆನ್ನಿನ ತುದಿಯಷ್ಟೇ ತಾಗುವಂತೆ ಸಹಿ ಹಾಕಿ ಕೈ ತೊಳೆಯುತ್ತಿದ್ದರು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೋಗಿದ್ದೆ.

“ಓದು” ಅಂದರು.

ಹೆಸರು ಓದಿದೆ. ಜಮೀನು ಓದಿದೆ. ದನ ಓದಿದೆ. ಜಾಗ ಓದಿದೆ. ಕೊನೆಯ ಸಾಲಿನ ಮುಂದೆ ನಾನೇ ಮೊದಲೇ ‘ಹೌದು’ ಎಂದು ಟೈಪ್ ಮಾಡಿದ್ದೆ. ಅದನ್ನು ಓದಲಿಲ್ಲ. “ಇಷ್ಟ ಅದ, ಇಲ್ಲಿ ಸಹಿ ಮಾಡ್ರಿ” ಎಂದು ಬೆರಳು ತೋರಿಸಿದೆ. ದೊಡ್ಡಪ್ಪ ಬಗ್ಗಿ ಸಹಿ ಮಾಡಿದರು. ನಾನೇ ಅವರ ಕೈಗೆ ನೀರು ಹಾಕಿದೆ.

ಮಾಘ ಏಕಾದಶಿಗೆ ಅವರು ಪಂಢರಪುರಕ್ಕೆ ಹೊರಟ ಮರುದಿನವೇ ಬಸವನ ಬಾಗೇವಾಡಿಯಿಂದ ಗಾರೆ ಕೆಲಸದ ಗೌಂಡಿ ಬಂದ. ಗುಂಡಿ, ಅದರ ಮೇಲಿನ ಗುಮ್ಮಟ ಆಗಲೇ ಮುಗಿದಿದ್ದವು. ಉಳಿದದ್ದು ಪೈಪಿನ ಕೆಲಸ.

“ಸಂಡಾಸದಿಂದ ಹತ್ತ ಫೂಟ ಸಾಕಾಗತೈತಿ ಅಕ್ಕಾರ. ಆದ್ರ ಯಜಮಾನ್ರಿಗೆ ಗೊತ್ತೈತೇನ್ರಿ?”

“ಸಹಿ ಮಾಡ್ಯಾರ.”

“ಸಹಿ ಮಾಡ್ಯಾರಂದ್ರ ಮುಗೀತ್ ಬಿಡ್ರಿ” ಎಂದು ಅವನು ಗುದ್ದಲಿ ಎತ್ತಿದ.

ಅವ್ವ ಹಿತ್ತಲ ಬಾಗಿಲಿಗೆ ಬಂದು ನಿಂತಳು. ಕೊಟ್ಟಿಗೆಯ ಗಂಜಲ ಹರಿಯಲು ಪೈಪು ಹಾಕಿಸುತ್ತಿದ್ದೇವೆ ಎಂದು ಅವಳು ಕೇಳದಿದ್ದರೂ ನಾನೇ ಹೇಳಿದೆ. ಅವಳು ಅಗೆದ ಕಾಲುವೆಯನ್ನು ನೋಡಿದಳು, ಅದು ಹೋಗಿ ಮುಟ್ಟಿದ ಗೋಡೆಯನ್ನು ನೋಡಿದಳು. “ಹೌದೇನು” ಎಂದು ಒಳಗೆ ಹೋದಳು. ದೊಡ್ಡಪ್ಪ ತಿರುಗಿ ಬರುವಷ್ಟರಲ್ಲಿ ಮಣ್ಣು ಮುಚ್ಚಿ, ಮೇಲೆ ತುಳಸಿ ಸಸಿಗಳನ್ನೂ ನೆಟ್ಟಿದ್ದೆ. ಅಷ್ಟು ಅತಿ ಮಾಡಬೇಕಾಗಿರಲಿಲ್ಲ, ಆದರೆ ನನಗೆ ತಡೆಯಲಾಗಲಿಲ್ಲ.

ಗ್ಯಾಸು ಹತ್ತಿದ ದಿನ ಅವ್ವ ಒಲೆಯ ಮುಂದೆ ಕೂತು ಬಹಳ ಹೊತ್ತು ನೀಲಿ ಉರಿಯನ್ನು ನೋಡಿದಳು. ಊದುಗೊಳವೆ ಹಿಡಿಯುವ ಕೈ ಸುಮ್ಮನೆ ತೊಡೆಯ ಮೇಲಿತ್ತು. ಅಭ್ಯಾಸಬಲದಿಂದ ಕಣ್ಣೊರೆಸಿಕೊಳ್ಳಲು ಸೆರಗು ಎತ್ತಿದಳು. ಒರೆಸಿಕೊಳ್ಳಲು ಏನೂ ಇರಲಿಲ್ಲ. ಆ ತಿಂಗಳು ಡಾಕ್ಟರು ಬಲಗಣ್ಣು ನೋಡಿ ಛಲೋ ಇದೆ ಅಂದರು.

ದೊಡ್ಡಪ್ಪ ಊರಿಗೆಲ್ಲ ಉಪದೇಶ ಶುರುಮಾಡಿದರು. ಇಲಾಖೆಯವರು ನಮ್ಮ ಗೋಡೆಯ ಮೇಲೆ ಅವರ ಹೆಸರು ಬರೆಸಿದರು. ನೋಡಲು ಬಂದವರಿಗೆಲ್ಲ ಗೋಮಯದ ಮಹಿಮೆ ಹೇಳಿಯೇ ಕಳಿಸುತ್ತಿದ್ದರು. ದಿನಾ ಬೆಳಿಗ್ಗೆ ಸಗಣಿ ಕಲೆಸುವ ತೊಟ್ಟಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತು ಪುಟ್ಟಿಯಲ್ಲಿ ಎಮ್ಮೆಯ ಸಗಣಿ ಕೂಡಿದೆಯೇ ಎಂದು ಪರೀಕ್ಷೆ ಮಾಡುವರು. ಎಮ್ಮೆಯದು ಅಗ್ನಿಗೆ ಯೋಗ್ಯವಲ್ಲವಂತೆ. ಒಂದು ಸಲ ನಮ್ಮ ಕೊಟ್ಟಿಗೆಯಿಂದ ಸಗಣಿ ತರುವ ಹೆಣ್ಣುಮಗಳನ್ನು ಪುಟ್ಟಿ ಸಮೇತ ತಿರುಗಿ ಕಳಿಸಿದರು. ಪರೀಕ್ಷೆ ಮುಗಿಸಿ, ಜನಿವಾರದ ಕೀಲಿ ಬಿಚ್ಚಿಕೊಂಡು ಸಂಡಾಸಕ್ಕೆ ನಡೆಯುವರು. ಅದನ್ನು ಬಳಸುತ್ತಿದ್ದವರು ಇಡೀ ಮನೆಯಲ್ಲಿ ಅವರೊಬ್ಬರೇ ಎಂಬುದನ್ನು ಓದುವವರು ಮರೆಯಬಾರದು.

ಅವರು ಕಣ್ಣು ಮುಚ್ಚಿ ಮೊದಲ ತುತ್ತು ಬಾಯಿಗಿಡುವುದನ್ನು ನೋಡುವಾಗ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ಆದರೆ ಅಷ್ಟಕ್ಕೇ ಸಾಕಾಗಲಿಲ್ಲ. ಅವರಿಗೇ ಗೊತ್ತಿಲ್ಲದ ಸೇಡು ಎಂಥ ಸೇಡು? ನನಗೆ ಅವರ ಮುಖ ನೋಡಬೇಕಿತ್ತು. ಹತ್ತು ಜನರ ಮುಂದೆ, ಬಾಯಲ್ಲಿ ತುತ್ತು ಇರುವಾಗ ಹೇಳಬೇಕಿತ್ತು. ಹೇಳುವ ಮಾತನ್ನು ಇಂಡಿಯ ಬಸ್ಸಿನಲ್ಲಿ ಹೋಗುತ್ತ ಬರುತ್ತ ಮನಸ್ಸಿನಲ್ಲೇ ತಿದ್ದುತ್ತಿದ್ದೆ.

ಆ ದಿನ ಬಂತು. ಒಂದು ದ್ವಾದಶಿಯ ಬೆಳಿಗ್ಗೆ. ದೊಡ್ಡವ್ವನ ತವರಾದ ಚಡಚಣದ ಬೀಗರು, ಇಬ್ಬರು ಆಚಾರ್ಯರು, ಊರ ಹಿರಿಯರು ಎಲೆಯ ಮುಂದೆ ಸಾಲಾಗಿ ಕೂತಿದ್ದರು. ನಡುವೆ ದೊಡ್ಡಪ್ಪ. ನಾನು ಕಚೇರಿಗೆ ಹೊರಟವಳು, ಮೈಲಿಗೆಯವಳೆಂದು ಪಡಸಾಲೆಯ ಆ ತುದಿಯಲ್ಲಿ, ಒಳಬಾಗಿಲಿನ ಕಡೆ ನಿಂತಿದ್ದೆ. ದೊಡ್ಡಪ್ಪ ಗೋಮಯದ ಅಗ್ನಿಯ ಮೇಲೆ ಮಾತಾಡುತ್ತಿದ್ದರು, ಆಚಾರ್ಯರು ತಲೆದೂಗುತ್ತಿದ್ದರು. ಅವ್ವ ಅನ್ನ ಬಡಿಸುತ್ತ ಬಂದವಳು ಮುಖ ಆಚೆ ತಿರುಗಿಸಿ ಒಂದು ಸಲ ಕೆಮ್ಮಿದಳು. ಹೊಗೆ ಹೋದರೂ ಕೆಮ್ಮು ಪೂರ್ತಿ ಹೋಗಿರಲಿಲ್ಲ.

ದೊಡ್ಡಪ್ಪ ಮಾತು ನಿಲ್ಲಿಸಿದರು. ಎಲ್ಲರಿಗೂ ಕೇಳುವಂತೆ ಅಂದರು: “ಏನ್ ಹೊಲಸು ಹೆಂಗಸು ಇದು. ನೈವೇದ್ಯದ ಅನ್ನದ ಮ್ಯಾಲೆ ಕೆಮ್ಮತಾಳ.”

ಬೀಗರು ಎಲೆ ನೋಡಿದರು. ಅವ್ವ ಪಾತ್ರೆ ಹಿಡಿದುಕೊಂಡು ಒಳಗೆ ಹೋದಳು. ನಾನು ಎರಡು ಹೆಜ್ಜೆ ಮುಂದೆ ಬಂದು “ದೊಡ್ಡಪ್ಪಾ, ಹೊಲಸು ಅಂದ್ರ್ಯಲ್ಲ, ನಿಮಗೊಂದು ಮಾತು ಹೇಳೂದದ” ಎಂದು ಶುರುಮಾಡಿದೆ. ಅಷ್ಟರಲ್ಲಿ ಒಳಬಾಗಿಲಿಂದ ಒಂದು ಕೈ ಬಂದು ನನ್ನ ಮಣಿಕಟ್ಟು ಹಿಡಿದು ಅಡಿಗೆಮನೆಯೊಳಗೆ ಎಳೆದುಕೊಂಡಿತು.

ಮಡಿಯಲ್ಲಿದ್ದ ಅವ್ವ ನನ್ನನ್ನು ಮುಟ್ಟಿದ್ದಳು. ಕಚೇರಿ ಸೀರೆಯಲ್ಲಿದ್ದ ನನ್ನನ್ನು. ನನಗೆ ಬುದ್ಧಿ ಬಂದಾಗಿನಿಂದ ಬೆಳಗಿನ ಹೊತ್ತು ಅವಳು ನನ್ನನ್ನು ಮುಟ್ಟಿದ್ದು ಅದೇ ಮೊದಲು.

“ಹೇಳಬ್ಯಾಡ” ಅಂದಳು ಮೆಲ್ಲಗೆ.

“ಏನು?”

“ಆ ಪೈಪಿನ ಸುದ್ದಿ. ಒಂದ ಕಣ್ಣು ಹೋಗೇದ ನಂದು, ಎರಡೂ ಅಲ್ಲ. ಅಗದ ದಿನಾನೇ ಗೊತ್ತಾಗೇದ.”

“ಗೊತ್ತಿದ್ದೂ ಅದರ ಮ್ಯಾಲೆ ನೈವೇದ್ಯ ಮಾಡೀಯೇನು ಅವ್ವಾ?”

“ದೇವ್ರ ಮುಂದ ದಿನಾ ತಪ್ಪಾತು ಅಂತೇನಿ. ಅಂವ ಏನೂ ಅಂದಿಲ್ಲ.” ಅವಳು ನನ್ನ ಮಣಿಕಟ್ಟು ಬಿಟ್ಟಿರಲಿಲ್ಲ. “ನೀ ಈಗ ಹೇಳಿದ್ರ ಅವರು ಇವತ್ತ ಗ್ಯಾಸ್ ಕೀಳಸ್ತಾರ. ನಾಳಿಂದ ನನಗ ಮತ್ತ ಕಟಗಿ, ಮತ್ತ ಹೊಗಿ. ನಿನಗ ಒಂದ ದಿನದ ಸಂತೋಷಕ್ಕ ನನ್ನ ಇದ್ದೊಂದ ಕಣ್ಣು ಕೊಡ್ಲೇನು?”

ಬಸ್ಸಿನಲ್ಲಿ ಅಷ್ಟು ದಿನ ತಿದ್ದಿದ ಮಾತಿನಲ್ಲಿ ಅವ್ವನ ಕಣ್ಣು ಎಲ್ಲೂ ಇರಲಿಲ್ಲ. ಬರೀ ನನ್ನ ಸಿಟ್ಟಿತ್ತು.

“ಉಣ್ಣಲಿ” ಅಂದಳು ಅವ್ವ. “ನೀ ಒಂದ ದಿನ ಹೇಳ್ತಿ, ಮುಗದ ಹೋಗ್ತದ. ಸುಮ್ಮನಿರು. ದಿನಾ ಉಣ್ಣಲಿ.”

ಅವಳ ದನಿಯಲ್ಲಿ ಅಂಥದ್ದೊಂದು ಇರಬಹುದೆಂದು ನನಗೆ ಗೊತ್ತೇ ಇರಲಿಲ್ಲ. ಸೇಡಿನ ವಿಷಯದಲ್ಲಿ ನಾನಿನ್ನೂ ಅಕ್ಷರ ತಿದ್ದುವ ಹುಡುಗಿ ಎಂದು ಅವತ್ತು ತಿಳಿಯಿತು. ನನ್ನನ್ನು ಮುಟ್ಟಿದ್ದಕ್ಕೆ ಅವಳು ಮತ್ತೆ ಸ್ನಾನ ಮಾಡಬೇಕಿತ್ತು, ಸೀರೆ ಬದಲಿಸಬೇಕಿತ್ತು, ಅಡಿಗೆಯನ್ನೆಲ್ಲ ಚೆಲ್ಲಬೇಕಿತ್ತು. ನಾನು ಕಾದು ನೋಡಿದೆ. ಅವಳು ನನ್ನನ್ನು ಹಿಡಿದ ಅದೇ ಕೈಯಿಂದ ಪಾಯಸದ ಪಾತ್ರೆ ಎತ್ತಿಕೊಂಡು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಪಂಕ್ತಿಗೆ ನಡೆದಳು.

ನಾನು ಬಾಗಿಲ ಮರೆಯಿಂದ ನೋಡುತ್ತಿದ್ದೆ. ನನ್ನನ್ನು ಎಳೆದ ಕೈಯನ್ನು ಪಂಕ್ತಿಯಲ್ಲಿ ಯಾರೂ ಕಂಡಿರಲಿಲ್ಲ, ದೊಡ್ಡಪ್ಪ ಆಗಲೇ ಗೋಮಯದ ಮಾತಿಗೆ ಮರಳಿದ್ದರು. ದೊಡ್ಡಪ್ಪ ಪಾಯಸವನ್ನು ಸೊರ್ರನೆ ಸುರಿದು, “ಇವತ್ತ ಭಾಳ ರುಚಿ ಆಗೇದ ನೋಡ್ರಿ” ಎಂದು ಬೀಗರಿಗೆ ಹೇಳಿದರು. ಅವ್ವ ಮತ್ತೆ ಅವರ ಮುಂದೆ ಹೋಗಿ ಬಗ್ಗಿದಳು. ಅವರು ಸಾಕೆಂದು ಎಲೆಗೆ ಕೈ ಅಡ್ಡ ಹಿಡಿದರು. ಅವ್ವ ಆ ಕೈ ಸರಿಯುವವರೆಗೆ ತಾಳ್ಮೆಯಿಂದ ನಿಂತು, ಇನ್ನೊಂದು ಸೌಟು ಬಡಿಸಿದಳು.