ನೀರು ಸರಿಯುವಷ್ಟು ಹೊತ್ತು

ಅಗುವಾ ಮಾನ್ಸಾದಲ್ಲಿ ಹಡಗು ನೋಡುವುದು ಯಾರಿಗೂ ದೊಡ್ಡ ಸಂಗತಿಯಲ್ಲ. ಪನಾಮಾ ಕಾಲುವೆಯ ಹಡಗುದಾರಿ ನಮ್ಮೂರಿನ ಮುಂದೆಯೇ, ಸರೋವರ ಕಿರಿದಾಗಿ ಬಾಗುವ ಕಡೆ, ದಡದಿಂದ ಕೂಗಿದರೆ ಕೇಳಿಸುವಷ್ಟು ಹತ್ತಿರ ಹಾದುಹೋಗುತ್ತದೆ. ಸರಕಿನ ಹಡಗು ಬಂದರೆ ನಾಯಿ ಕೂಡ ತಲೆ ಎತ್ತುವುದಿಲ್ಲ. ಪ್ರವಾಸಿಗರ ಬಿಳಿ ಹಡಗು ಬಂದರೆ ಮಾತ್ರ ಮಕ್ಕಳು ದಡಕ್ಕೆ ಓಡಿ ಕೈಬೀಸುತ್ತಿದ್ದರು. ಮೇಲಿನಿಂದ ಟೋಪಿಗಳು, ಕರವಸ್ತ್ರಗಳು ಬೀಸಿ ಉತ್ತರ ಕೊಡುತ್ತಿದ್ದವು. ಕಾಂದೆಲಾರಿಯಾ, ಊರವರ ಬಾಯಲ್ಲಿ ಕಾಂದೆ ಅತ್ತೆ, ಅವಳೂ ತಪ್ಪದೆ ಹೋಗುತ್ತಿದ್ದಳು. ಆದರೆ ಹಡಗನ್ನು ನೋಡುತ್ತಿರಲಿಲ್ಲ. ನೀರನ್ನು ನೋಡುತ್ತಿದ್ದಳು.

ನಾನು ಆ ಊರಿನ ಶಾಲೆಗೆ ಮೇಷ್ಟ್ರಾಗಿ ಹೋದಾಗ ಅವಳಿಗೆ ಅರವತ್ತು ದಾಟಿತ್ತು. ನನ್ನ ಊಟ ಅವಳ ಮನೆಯಲ್ಲೇ: ತೊಗರಿಕಾಳು ಹಾಕಿ ತೆಂಗಿನಹಾಲಲ್ಲಿ ಬೇಯಿಸಿದ ಅನ್ನ, ಹುರಿದ ಬಾಳೆಕಾಯಿ, ಸರೋವರದ ಮೀನು. ಗಂಡ ತೀರಿಹೋಗಿದ್ದ, ಮಕ್ಕಳಾಗಿರಲಿಲ್ಲ. ನಾಲಿಗೆ ಮಾತ್ರ ಕತ್ತಿ. ಹಡಗಿನ ಶಿಳ್ಳೆ ಕೇಳಿ ಅವಳು ಲಂಗಕ್ಕೆ ಕೈ ಒರೆಸಿಕೊಂಡು ಹೊರಟರೆ ಪಕ್ಕದ ಮನೆಯ ಹೆಂಗಸು ಕೆಣಕುವಳು:

“ಏನತ್ತೇ, ಕ್ಯಾಪ್ಟನ್ ಮದುವೆ ಮಾತು ಎತ್ತಿದ್ನಾ?”

“ಎತ್ತಿದ ಕಣೇ. ನಿನ್ನ ಗಂಡನಿಗಿಂತ ನಾಲ್ಕು ಹಲ್ಲು ಜಾಸ್ತಿ ಇದಾವಂತೆ. ಯೋಚ್ನೆ ಮಾಡ್ತಿದೀನಿ.”

ದೊಡ್ಡ ಹಡಗು ತಿರುವಿಗೆ ಬಂದಾಗ ಒಂದು ವಿಚಿತ್ರ ನಡೆಯುತ್ತದೆ. ಅಲೆ ಬರುವ ಮೊದಲು ನೀರು ಹಿಂದೆ ಸರಿಯುತ್ತದೆ. ಸದ್ದೇ ಇಲ್ಲ. ಯಾರೋ ಹಾಸಿದ ಬಟ್ಟೆಯನ್ನು ಆ ಕಡೆಯಿಂದ ಮೆಲ್ಲಗೆ ಎಳೆದುಕೊಂಡಂತೆ. ದೋಣಿಗಳು ಕೆಸರಿನಲ್ಲಿ ಕೂರುತ್ತವೆ, ಮರಿಮೀನುಗಳು ಪಟಪಟ ಬಡಿದುಕೊಳ್ಳುತ್ತವೆ, ಕಾಡಿನಲ್ಲಿ ಊಳಿಡುತ್ತಿದ್ದ ಕೋತಿಗಳು ಬಾಯಿ ಮುಚ್ಚುತ್ತವೆ. ಮೂವತ್ತು ಎಣಿಸುವಷ್ಟು ಹೊತ್ತು ಅಷ್ಟೆ. ಆಮೇಲೆ ನೀರು ಒಮ್ಮೆಲೇ ನುಗ್ಗುತ್ತದೆ.

ಕಾಂದೆ ಅತ್ತೆ ಕಾಯುತ್ತಿದ್ದದ್ದು ಆ ಮೂವತ್ತು ಎಣಿಕೆಗೆ. ಹಳೆಯ ಊರು ನೀರಿನಡಿ ಇದೆ. ಕಾಲುವೆಗಾಗಿ ನದಿಗೆ ಅಡ್ಡಗಟ್ಟಿದಾಗ ಮನೆ, ತೋಟ, ಚರ್ಚು ಎಲ್ಲ ಮುಳುಗಿದವು. ಊರ ಗೋರಿಗಳು ಗುಡ್ಡದ ಮೇಲಿದ್ದುದರಿಂದ ಕೊನೆಗೆ ಮುಳುಗಿದವು, ಹೆಚ್ಚು ಆಳಕ್ಕೂ ಹೋಗಲಿಲ್ಲ. ಅಲ್ಲಿ ಅವಳ ತಾಯಿ ಪ್ರೂದೆನ್ಸಿಯಾಳ ಗೋರಿ. ಮೊದಲು ಕಾಲುವೆ ತೋಡಲು ಬಂದು ಸೋತ ಫ್ರೆಂಚರು ಬಿಟ್ಟುಹೋದ ರೈಲುಕಂಬಿಯಿಂದ ತಂದೆ ಬಾಸಿಲಿಯೊ ಮಾಡಿಸಿದ ಶಿಲುಬೆ. ಬೇಸಿಗೆಯಲ್ಲಿ ನೀರು ಇಳಿದಾಗ, ಬಿಳಿ ಹಡಗು ಹಾದುಹೋದರೆ, ಆ ಶಿಲುಬೆಯ ತುದಿ ಎರಡು ಬೆರಳಷ್ಟು ಮೇಲೆ ಕಾಣುತ್ತಿತ್ತು. ಕಂಡ ಕೂಡಲೆ ಅವಳು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು ಮನೆಗೆ ಬರುತ್ತಿದ್ದಳು.

“ಅಮ್ಮನ ಮುಖ ನೆನಪಿಲ್ಲ ಮೇಷ್ಟ್ರೇ,” ಎಂದು ಒಮ್ಮೆ ಹೇಳಿದ್ದಳು. “ಕೈ ನೆನಪಿದೆ. ದೋಣೀಲಿ ಕೂರಿಸ್ಕೊಂಡು ತಲೆ ಬಾಚ್ತಿದ್ಲು. ಬಾಚಣಿಗೆನ ನೀರಲ್ಲಿ ಅದ್ದಿ ಅದ್ದಿ ಬಾಚೋಳು. ಕತ್ತಿನ ಮೇಲೆ ತಣ್ಣಗೆ ನೀರು ತೊಟ್ಟಿಕ್ತಿತ್ತು.”

ನಾನು ಹೋದ ನಾಲ್ಕನೆಯ ವರ್ಷ ಮಳೆ ಕೈಕೊಟ್ಟಿತು. ಫೆಬ್ರವರಿಯ ಹೊತ್ತಿಗೆ ಸರೋವರದೊಳಗಿನ ಒಣಮರಗಳು ಸೊಂಟದವರೆಗೆ ಮೇಲೆದ್ದು ನಿಂತವು. ಒಂದು ಮಧ್ಯಾಹ್ನ ಅತ್ತೆ ದಡದಿಂದ ಬಂದವಳು ಅನ್ನ ಬಡಿಸಿ, ಸಾರು ಬಡಿಸುವುದನ್ನು ಮರೆತು ಕೂತುಬಿಟ್ಟಳು.

“ಏನಾಯ್ತತ್ತೆ?”

“ಅಮ್ಮನ ಪಕ್ಕ ಇನ್ನೊಂದಿದೆ.”

“ಇನ್ನೊಂದೇನು?”

“ಶಿಲುಬೆ. ಚಿಕ್ಕದು. ಅದೇ ಕಂಬೀದು. ಅಪ್ಪ ಯಾವತ್ತೂ ಹೇಳಿಲ್ಲ.”

ಮರದ ಬೇರಿರಬೇಕು, ಬಿಸಿಲಿಗೆ ಕಣ್ಣು ಮೋಸ ಮಾಡಿರಬೇಕು ಎಂದೆ. ಅವಳು ನನ್ನನ್ನು ಎರಡನೇ ತರಗತಿಯ ದಡ್ಡನನ್ನು ನೋಡುವಂತೆ ನೋಡಿದಳು. ಮುಂದಿನ ಹಡಗಿಗೆ ನಾನೂ ಹೋದೆ. ನೀರು ಸರಿಯಿತು. ದೊಡ್ಡ ಶಿಲುಬೆ ಮೊಣಕಾಲೆತ್ತರ ಎದ್ದಿತ್ತು. ಅದರ ಪಕ್ಕದಲ್ಲಿ, ತಾಯಿಯ ಕೈ ಹಿಡಿದ ಮಗುವಿನಷ್ಟು ಹತ್ತಿರ, ಚಿಕ್ಕದೊಂದರ ತಲೆ.

“ಅದರ ಮೇಲೆ ಹೆಸರು ಬರ್ದಿರ್ತಾರೆ,” ಎಂದಳು. “ನನಗೆ ಓದಕ್ಕೆ ಬರಲ್ಲ. ನೀವು ಬರ್ತೀರಾ, ಇಲ್ಲಾ ಶಾಲೇಲಿ ಮಕ್ಕಳಿಗೆ ಮಾತ್ರ ಓದಿ ಹೇಳೋದಾ?”

ಈಸ್ಟರಿಗೆ ಮುಂಚಿನ ವಾರ, ನೀರು ಇನ್ನೂ ಇಳಿದಿದ್ದಾಗ, ದೊಡ್ಡ ಹಡಗೊಂದು ಬಂತು. ಮುಂಜಾನೆ. ಸರೋವರದ ಮೇಲೆ ಮಂಜು ಕೂತಿತ್ತು. ಮೊದಲು ಸಂಗೀತ ಕೇಳಿಸಿತು, ಆಮೇಲೆ ಮಂಜಿನ ಮೇಲುಗಡೆ, ಬುಡವೇ ಇಲ್ಲದಂತೆ, ಬಿಳಿ ಅಂತಸ್ತುಗಳು ತೇಲಿ ಬಂದವು. ನಾವು ಸೊಂಟದವರೆಗಿನ ನೀರಿನಲ್ಲಿ ನಿಂತಿದ್ದೆವು. ನೀರು ನಮ್ಮ ಕಾಲಿನಿಂದ ಜಾರಿಕೊಂಡು ಹೋಯಿತು.

ಅತ್ತೆ ನಡೆದಳು. ನಾನು ಎಣಿಸುತ್ತಾ ಹಿಂದೆ ಹೋದೆ. ಕೆಸರು ಮೊಣಕಾಲನ್ನು ಹಿಡಿದು ಎಳೆಯುತ್ತಿತ್ತು. ಹತ್ತು. ಅವಳು ಚಿಕ್ಕ ಶಿಲುಬೆಯ ಪಾಚಿಯನ್ನು ಅಂಗೈಯಿಂದ ಉಜ್ಜಿದಳು. ಹದಿನಾಲ್ಕು. ಮೊಳೆಯಿಂದ ಕುಟ್ಟಿದ ಚುಕ್ಕೆಗಳ ಅಕ್ಷರ. ನಾನು ಬಗ್ಗಿ ಓದಿದೆ. ಮತ್ತೊಮ್ಮೆ ಓದಿದೆ. ಎಣಿಕೆ ತಪ್ಪಿತು.

“ಏನಂತೆ? ಹೇಳಿ ಮೇಷ್ಟ್ರೇ!”

“ಕಾಂದೆಲಾರಿಯಾ,” ಎಂದೆ. “ಬಾಸಿಲಿಯೊನ ಮಗಳು. ಮೂರು ವರ್ಷ.”

ಅವಳು ಅಲ್ಲೇ ನಿಂತಳು. ನಾನು ತೋಳು ಹಿಡಿದು ಎಳೆಯುವಷ್ಟರಲ್ಲಿ ನೀರು ಬಂತು. ಇಬ್ಬರನ್ನೂ ಕೆಡವಿ, ಹೊರಳಿಸಿ, ಬಾಯಿಗೆ ಕೆಸರು ತುಂಬಿತು. ಅವಳ ಲಂಗ ನನ್ನ ಕೈಗೆ ಸಿಕ್ಕಿತು, ಬಿಡಲಿಲ್ಲ. ತಲೆ ಎತ್ತಿದಾಗ ಹಡಗಿನ ಕಟಕಟೆಯ ಉದ್ದಕ್ಕೂ ಜನ ನಿಂತಿದ್ದರು. ನಾವು ನೀರಾಟ ಆಡುತ್ತಿದ್ದೇವೆ ಎಂದುಕೊಂಡು ನಗುತ್ತಾ ಕೈಬೀಸುತ್ತಿದ್ದರು.

ಅತ್ತೆ ಬಟ್ಟೆ ಬದಲಾಯಿಸಲಿಲ್ಲ. ನೀರು ಸೋರುತ್ತಲೇ ತೆಲೆಸ್ಫೊರೊನ ಮನೆಗೆ ಹೋದಳು. ಹಳೆಯ ಊರನ್ನು ಕಂಡಿದ್ದವರಲ್ಲಿ ಉಳಿದವನು ಅವನೊಬ್ಬನೇ. ಕಣ್ಣು ಹೋಗಿತ್ತು. ತೂಗುಮಂಚದಲ್ಲಿ ಮಲಗಿ ಕಾಫಿ ಕುಡಿಯುತ್ತಿದ್ದ.

“ಯಾರದು? ಕೆಸರು ವಾಸನೆ ಬರ್ತಿದೆ.”

“ನಾನು. ಆ ಚಿಕ್ಕ ಶಿಲುಬೆ ಯಾರದು ತೆಲೆಸ್ಫೊರೊ?”

ಮುದುಕ ಲೋಟ ಕೆಳಗಿಟ್ಟ. “ನಾನು ಸತ್ತ ಮೇಲಾದ್ರೂ ನೀರು ಇಳಿಯಬಾರದಿತ್ತಾ,” ಎಂದ. ಅತ್ತೆ ಕದಲಲಿಲ್ಲ.

“ನೀರು ಬರೋ ಹಿಂದಿನ ವರ್ಷ ಜ್ವರ ಬಂತು. ಒಂದೇ ವಾರದಲ್ಲಿ ಪ್ರೂದೆನ್ಸಿಯಾನೂ ಹೋದ್ಲು, ಮಗೂನೂ ಹೋಯ್ತು. ಬಾಸಿಲಿಯೊ ಎರಡು ಗುಂಡಿ ತೋಡ್ದ. ನಾನೂ ಮಣ್ಣು ಹಾಕ್ದೆ. ಆಮೇಲೆ ಅವನು ಮಾತೇ ಬಿಟ್ಟ.”

“ಹಾಗಾದ್ರೆ ನಾನು?”

“ಊರು ಬಿಡೋ ದಿನ. ನೀರು ಚರ್ಚಿನ ಮೆಟ್ಟಿಲಿಗೆ ಬಂದಿತ್ತು. ಎಲ್ಲಾರೂ ಸಾಮಾನು ಹೊರ್ತಿದ್ವಿ. ಒಂದು ದೋಣಿ ಮನೆಗಳ ಮಧ್ಯೆ ತಾನೇ ತೇಲ್ಕೊಂಡು ಬಂತು. ಒಳಗೆ ನೀನು. ಎರಡೋ ಮೂರೋ ವರ್ಷ. ಅಳ್ತಾನೂ ಇರ್ಲಿಲ್ಲ.”

“ಬೇರೆ ಯಾರೂ ಇರ್ಲಿಲ್ವಾ?”

“ಯಾರೂ ಇಲ್ಲ. ಆದ್ರೆ…” ಅವನು ತುಟಿ ಒರೆಸಿಕೊಂಡ. “ನಿನ್ನ ತಲೆ ಆಗಷ್ಟೇ ಬಾಚಿತ್ತು ಕಣೇ. ಕೂದ್ಲಿಂದ ನೀರು ತೊಟ್ಟಿಕ್ತಿತ್ತು. ದೋಣಿ ಹುಟ್ಟಿನ ಹಿಡಿ ಇನ್ನೂ ಒದ್ದೆ ಇತ್ತು. ಎರಡು ದಿನ ಹುಡುಕಿದ್ವಿ. ಮೇಲಿನ ಊರುಗಳಲ್ಲೂ ಕೇಳಿದ್ವಿ. ಮಗು ಕಳ್ಕೊಂಡೋರು ಯಾರೂ ಇರ್ಲಿಲ್ಲ. ನೀರೇ ಕಳಿಸಿದ್ದು, ಮುಟ್ಟಬೇಡಿ ಅಂದ್ರು ಹೆಂಗಸ್ರು. ಬಾಸಿಲಿಯೊ ಬಂದ, ಹೆಗಲ ಮೇಲೆ ಕೂರಿಸ್ಕೊಂಡ. ‘ಇವಳು ಕಾಂದೆಲಾರಿಯಾ’ ಅಂದ. ಅಷ್ಟೇ. ಅವನು ಮತ್ತೆ ಮಾತಾಡಿದ್ದು ಅವತ್ತೇ. ಅದಕ್ಕೆ ನಾವ್ಯಾರೂ ಬಾಯಿ ಬಿಡ್ಲಿಲ್ಲ.”

ಅತ್ತೆ ಕೈ ಎತ್ತಿ ಕತ್ತಿನ ಹಿಂಭಾಗ ಮುಟ್ಟಿಕೊಂಡಳು. ಬಿಸಿಲು ಏರಿತ್ತು. ಆದರೂ ಅವಳ ಕೂದಲಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

“ಹಾಗಾದ್ರೆ ನನ್ನ ತಲೆ ಬಾಚ್ತಿದ್ದೋಳು ಯಾರು?”

ತೆಲೆಸ್ಫೊರೊ ತಡಕಾಡಿ ಲೋಟ ಎತ್ತಿಕೊಂಡ. ಅವನಿಗೂ ಗೊತ್ತಿರಲಿಲ್ಲ.

ಮೇ ತಿಂಗಳಲ್ಲಿ ಮಳೆ ಹಿಡಿಯಿತು, ಎರಡೂ ಶಿಲುಬೆ ಒಳಗೆ ಹೋದವು. ಅತ್ತೆ ಮೊದಲಿನಂತೆಯೇ ಅಡುಗೆ ಮಾಡಿದಳು, ಕೋಳಿ ಸಾಕಿದಳು. ಆದರೆ ಬಾಗಿಲಿಗೆ ಬೆನ್ನು ಹಾಕಿ ಕೂರುವುದನ್ನು ಬಿಟ್ಟಳು. ಕೂದಲನ್ನು ತಾನೇ ಕತ್ತರಿಸಿಕೊಂಡಳು, ಬಾಚಲು ಏನೂ ಇಲ್ಲದಷ್ಟು ಗಿಡ್ಡಕ್ಕೆ. ಕೇಳಿದ್ದಕ್ಕೆ, “ಸೆಕೆ,” ಎಂದಳು.

ನವೆಂಬರಿನಲ್ಲಿ, ಸತ್ತವರ ದಿನ, ಕೊಲೋನ್‌ನಿಂದ ಪಾದ್ರಿ ಲಾಂಚಿನಲ್ಲಿ ಬಂದರು. ಪ್ರತಿ ಮನೆಯವರೂ ತಮ್ಮ ಸತ್ತವರ ಹೆಸರಿನ ಚೀಟಿ ಕೊಡಬೇಕು. ಅತ್ತೆಯ ಚೀಟಿ ಬರೆದುಕೊಟ್ಟವನು ನಾನೇ. ಪಾದ್ರಿ ಓದಿ ಹುಬ್ಬು ಗಂಟಿಕ್ಕಿದರು.

“ಪ್ರೂದೆನ್ಸಿಯಾ, ಬಾಸಿಲಿಯೊ, ಸರಿ. ಈ ಮೂರನೇ ಹೆಸರು ನಿಮ್ಮದಲ್ವೇನಮ್ಮ?”

“ಅಲ್ಲ ಫಾದರ್. ಆ ಮಗೂದು. ಇಷ್ಟು ವರ್ಷ ಆ ಹೆಸರು ನನ್ನ ಹತ್ರ ಇತ್ತು. ಅವಳಿಗೋಸ್ಕರ ಯಾರೂ ಒಂದು ದಿನ ಪ್ರಾರ್ಥನೆ ಮಾಡಿಲ್ಲ, ಎಲ್ಲಾರೂ ನಾನು ಬದುಕಿದೀನಿ ಅಂದ್ಕೊಂಡು.”

ಪೂಜೆಯಲ್ಲಿ ಪಾದ್ರಿ ಗಟ್ಟಿಯಾಗಿ ಓದಿದರು: ತೀರಿಕೊಂಡ ಕಾಂದೆಲಾರಿಯಾಳ ಆತ್ಮಕ್ಕೆ ಶಾಂತಿ ಸಿಗಲಿ. ಮುಂದಿನ ಬೆಂಚಿನಲ್ಲಿ ಕೂತಿದ್ದ ಅತ್ತೆ ಎಲ್ಲರಿಗಿಂತ ಜೋರಾಗಿ “ಆಮೆನ್” ಅಂದಳು. ನನ್ನ ಹಿಂದೆ ಕೂತಿದ್ದ ಪಕ್ಕದ ಮನೆಯ ಹೆಂಗಸು ಎದ್ದು ಹೊರಗೆ ಹೋದಳು.

ಅಂದಿನಿಂದ ಆ ಹೆಸರು ಹಿಡಿದು ಕರೆದರೆ ಅತ್ತೆ ತಿರುಗುತ್ತಿರಲಿಲ್ಲ. ಕಿವುಡಿಯಂತೆ ಕೂತಿರುತ್ತಿದ್ದಳು. ನಿಧಾನವಾಗಿ ಊರೂ ಕಲಿಯಿತು, ಬರಿಯ ‘ಅತ್ತೆ’ ಎಂದು ಕರೆಯಿತು. ಆಗ ಓಗೊಡುತ್ತಿದ್ದಳು. ಬಿಳಿ ಹಡಗು ಬಂದರೆ ಈಗಲೂ ದಡಕ್ಕೆ ಹೋಗುತ್ತಿದ್ದಳು. ನೀರು ಸರಿದಾಗ ಒಮ್ಮೊಮ್ಮೆ ಆ ಕಡೆಗೆ ಸಣ್ಣ ದನಿಯಲ್ಲಿ ಏನೋ ಕೇಳುತ್ತಿದ್ದಳು. ನಾನು ಹತ್ತಿರ ಹೋಗುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಉತ್ತರ ಕೇಳಿಸೀತೆಂದು ಹೆದರಿಕೆ.

ಏಳು ವರ್ಷ ಬಿಟ್ಟು, ಎರಡು ದಿನದ ಜ್ವರದಲ್ಲಿ ಅವಳು ತೀರಿಕೊಂಡಳು. ಊರ ಮೇಲಿನ ಗುಡ್ಡದಲ್ಲಿ ಮಣ್ಣು ಮಾಡಿದೆವು. ಬಣ್ಣ, ಕುಂಚ ನನ್ನ ಕೈಗೆ ಕೊಟ್ಟು ಶಿಲುಬೆಯ ಮೇಲೆ ಬರೆಯಿರಿ ಎಂದರು. ನಾನು ಇಸವಿ ಬರೆದು, ಹೆಸರಿನ ಜಾಗ ಖಾಲಿ ಬಿಟ್ಟು ನಿಲ್ಲಿಸಿದೆ. ಯಾರೂ ಏಕೆಂದು ಕೇಳಲಿಲ್ಲ. ಹೊಸ ಪಾದ್ರಿ ಬಂದಾಗ ಮಾತ್ರ ಅಕ್ಷರ ಮಾಸಿಹೋಗಿದೆ ಎಂದುಕೊಂಡು, ಇದು ಯಾರ ಗೋರಿ ಎಂದು ವಿಚಾರಿಸುತ್ತಾರೆ. ಅತ್ತೆಯದು ಎನ್ನುತ್ತೇವೆ.