ಕುಣಿಕೆ ಹಾಕದ ಗಡಗಡಿ

ಗಂಗಾವತಿಯ ಸಣ್ಣಪ್ಪ ತಾನು ಮರ ಕಡಿಯುವವನಲ್ಲ, ಮರ ಇಳಿಸುವವನು ಎಂದು ಹೇಳಿಕೊಳ್ಳುತ್ತಿದ್ದ. ಅದು ನಿಜವೂ ಆಗಿತ್ತು. ಬಯಲಿನಲ್ಲಿ ನಿಂತ ಮರವನ್ನು ಯಾರು ಬೇಕಾದರೂ ಕೆಡವಬಹುದು. ಒಂದು ಕಡೆ ಅಡುಗೆಮನೆ, ಇನ್ನೊಂದು ಕಡೆ ಕರೆಂಟಿನ ತಂತಿ ಇರುವಲ್ಲಿ ಬೆಳೆದ ಮರವನ್ನು ತುಂಡು ತುಂಡಾಗಿ ಹಗ್ಗದಲ್ಲಿ ಇಳಿಸಿ ನೆಲಕ್ಕೆ ಮಲಗಿಸುವುದು ಬೇರೆಯೇ ಕೆಲಸ. ಕುಷ್ಟಗಿ, ಯಲಬುರ್ಗಾ ಕಡೆಯಿಂದಲೂ ಅವನಿಗೆ ಫೋನು ಬರುತ್ತಿತ್ತು.

ಅವನು ಹೇಳಿಕೊಳ್ಳದೆ ಇದ್ದದ್ದು ಒಂದಿತ್ತು. ಮರದ ಮೇಲೆ ಗರಗಸದ ಮಷೀನು ಹಿಡಿದು ಕೂರುವವನು ಅವನಾದರೆ, ಕೆಳಗೆ ಹಗ್ಗ ಹಿಡಿಯುವವಳು ಅವನ ಹೆಂಡತಿ ಹೊಳಿಯಮ್ಮ. ಮೇಲೆ ಒಂದು ಗಡಗಡಿ, ಅಂದರೆ ರಾಟೆ, ಕಟ್ಟುತ್ತಾರೆ. ಕೊಂಬೆಗೆ ಬಿಗಿದ ಹಗ್ಗ ಅದರ ಮೇಲೆ ಹಾಯ್ದು ಕೆಳಗೆ ಬಂದು, ಬೊಡ್ಡೆಗೆ ಸುತ್ತು ಹಾಕಿಕೊಂಡು ಹೊಳಿಯಮ್ಮನ ಕೈಗೆ ಸೇರುತ್ತದೆ. ಕೊಂಬೆ ಕತ್ತರಿಸಿ ಬಿದ್ದ ಗಳಿಗೆಯಲ್ಲಿ ಅದರ ಭಾರವೆಲ್ಲ ಗಡಗಡಿಯ ಕಟ್ಟಿನ ಮೇಲೆ, ಆಮೇಲೆ ಅವಳ ಅಂಗೈಯ ಮೇಲೆ.

ಹೊಳಿಯಮ್ಮ ಸಾಣಾಪುರದವಳು. ಅವಳ ಅಪ್ಪ ಹರಗೋಲು ನಡೆಸುತ್ತಿದ್ದ. ನೆನೆದ ಹಗ್ಗ ಯಾವುದು ಜಾರುತ್ತದೆ, ಯಾವುದು ಕಚ್ಚುತ್ತದೆ ಎಂಬುದು ಅವಳಿಗೆ ನಡೆಯಲು ಕಲಿತಾಗಿನಿಂದ ಗೊತ್ತು. ಗಡಗಡಿ ಕಟ್ಟಲು ಬೇರೆ ದಪ್ಪ ಹಗ್ಗವೇ ಆಗಬೇಕು, ನೆಟ್ಟಗೆ ನಿಂತ ಕಾಂಡಕ್ಕಾದರೆ ಎರಡು ಸುತ್ತು ಹಾಕಿ ಕುಣಿಕೆಯೊಳಗೆ ತೂರಿಸಿ ಬಿಗಿಯಬೇಕು, ಭಾರ ಬಿದ್ದಷ್ಟೂ ಅದು ಕಚ್ಚಿಕೊಳ್ಳಬೇಕು ಎಂದು ಅವನಿಗೆ ಕಲಿಸಿದವಳು ಅವಳೇ. ಚಹಾದಂಗಡಿಯಲ್ಲಿ ಯಾರಾದರೂ ಕೇಳಿದರೆ ಮಾತ್ರ ಸಣ್ಣಪ್ಪ, ಹೆಂಡತಿ ಹಗ್ಗ ಸುತ್ತಿಡಲು ಬರುತ್ತಾಳೆ ಅನ್ನುತ್ತಿದ್ದ.

ಆ ಸಲದ ಕೆಲಸ ಕೊಪ್ಪಳದ ವಿರೂಪಾಕ್ಷಮ್ಮನ ಮನೆಯದು. ಹಿತ್ತಲಿನ ಹಳೆಯ ಬೇವಿನ ಮರ ಗಾಳಿಗೆ ಸೀಳಿ ಅಡುಗೆಮನೆಯ ಮೇಲೆ ವಾಲಿತ್ತು. ಆ ಮನೆಯ ಹೆಂಗಸರು ಅದನ್ನು ಅಮ್ಮ ಎಂದೇ ಪೂಜಿಸಿಕೊಂಡು ಬಂದವರು. ಮಗ ಪ್ರಭುರಾಜ ಒತ್ತಾಯ ಮಾಡಿದ್ದಕ್ಕೆ ಮುದುಕಿ ಒಪ್ಪಿದ್ದಳು. ಅವತ್ತು ಬೆಳಿಗ್ಗೆ ಮರಕ್ಕೆ ಸೀರೆ ಉಡಿಸಿ, ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಇಟ್ಟು ಉಡಿ ತುಂಬಿ, ತಪ್ಪು ಹೊಟ್ಟೆಗೆ ಹಾಕಿಕೋ ತಾಯಿ ಎಂದು ಕಣ್ಣೀರು ಹಾಕಿದಳು. ಹೊಳಿಯಮ್ಮನೂ ಚಪ್ಪಲಿ ಬಿಟ್ಟು ಬಂದು ಕೈಮುಗಿದಳು.

ಸಣ್ಣಪ್ಪ ಮೇಲೆ ಹತ್ತಿ ಕುಣಿಕೆ ಹಾಕಲು ಹೊರಟಾಗ ಮುದುಕಿ ಕೆಳಗಿನಿಂದ ಕೈ ಎತ್ತಿದಳು.

“ಉರಲಿನಂಗ ಕಾಣತೈತಿ ಅದು. ಉಡಿ ತುಂಬಿದ ಕೈಲೆ ತಾಯಿ ಕೊಳ್ಳಿಗೆ ಉರಲ ಹಾಕಸಲೇನು? ಬ್ಯಾರೆ ಥರಾ ಕಟ್ಟಪಾ.”

ಮನೆಯವರು, ಓಣಿಯವರು ಎಲ್ಲ ಸೇರಿ ನೋಡುತ್ತಿದ್ದರು. ಅಷ್ಟು ಮಂದಿಯ ಎದುರು ದೈವಭಕ್ತನಾಗಿ ಕಾಣುವುದು ಸಣ್ಣಪ್ಪನಿಗೆ ಸುಖವೆನಿಸಿತು. ಅವನ ಚೀಲದಲ್ಲಿ ಅಕ್ಕಿ ಗಿರಣಿಯಲ್ಲಿ ಮೂಟೆ ಎತ್ತುವ ಹಳದಿ ಪಟ್ಟಿಯೊಂದಿತ್ತು. ಹೊಸದು, ನೋಡಲು ಚಂದ. ಅದನ್ನು ಕಾಂಡದ ಹಿಂದಿನಿಂದ ಬಳಸಿ ತಂದು ಎರಡೂ ತುದಿಗಳನ್ನು ಗಡಗಡಿಯ ಕೊಕ್ಕೆಗೆ ಸಿಕ್ಕಿಸಿದ. ತಾಯಿಯ ಕೊರಳಿಗೆ ಹಾರ ಹಾಕಿದ ಹಾಗೆ ಕಂಡಿತು.

ಕೆಳಗಿನಿಂದ ಹೊಳಿಯಮ್ಮ ಕೂಗಿದಳು. “ಪಟ್ಟಿ ಗಟ್ಟಿ ಐತಿ, ಇಲ್ಲನ್ನಂಗಿಲ್ಲ. ಆದ್ರ ಅದು ಮರಾ ಹಿಡಿಯಂಗಿಲ್ಲ. ತಾಯಿನ್ನ ಕೇಳ್ಕೊಂಡು ಕುಣಿಕಿ ಹಾಕು. ಆಕಿ ಸಿಟ್ಟಾಗಂಗಿಲ್ಲ.”

ಯಾರೋ ನಕ್ಕರು. ಸಾಹೇಬರು ಕೆಳಗದಾರ, ಕೂಲಿಯವ ಮ್ಯಾಲೆ ಅದಾನ ನೋಡ್ರಿ ಅಂದರು. ಸಣ್ಣಪ್ಪನ ಕಿವಿ ಬಿಸಿಯಾಯಿತು. ಪಟ್ಟಿಯ ಕೆಳಗೆ ಕತ್ತರಿಸಿ ಬಿಟ್ಟ ಕೊಂಬೆಯ ಮೋಟು ಇದೆ, ಜಾರಿದರೂ ಅಲ್ಲಿ ನಿಲ್ಲುತ್ತದೆ ಎಂದು ತನಗೆ ತಾನೇ ಹೇಳಿಕೊಂಡು, ನಿನ್ನ ಕೆಲಸ ನೀ ಮಾಡು ಎಂದು ಹೆಂಡತಿಯನ್ನು ಗದರಿಸಿ ಮಷೀನು ಶುರು ಮಾಡಿದ.

ಕೊಂಬೆ ಮುರಿದು ತೂಗಿದ ಕೂಡಲೇ ಪಟ್ಟಿ ಜಾರಿತು. ಗೆದ್ದಲು ತಿಂದ ಮೋಟು ಲಟಕ್ಕೆಂದು ಹೋಯಿತು. ಗಡಗಡಿ ಜಗ್ಗಿಕೊಂಡು ಕೆಳಗೆ ಬಂದ ರಭಸಕ್ಕೆ ಹಗ್ಗ ಹೊಳಿಯಮ್ಮನ ಕೈಯೊಳಗೆ ಸುಡುತ್ತ ಹರಿಯಿತು. ಅವಳು ಬಿಡಲಿಲ್ಲ. ಬಿಟ್ಟಿದ್ದರೆ ಕೊಂಬೆ ಅಡುಗೆಮನೆಯ ಮೇಲೆಯೇ ಬೀಳುತ್ತಿತ್ತು, ಒಳಗೆ ವಿರೂಪಾಕ್ಷಮ್ಮನ ಸೊಸೆ ಇದ್ದಳು. ಹಿಂದಕ್ಕೆ ಜೋತುಬಿದ್ದು ಹಿಡಿದಳು. ಕೊಂಬೆ ತಿರುಗಿ ಬಂದು ತುಳಸಿಕಟ್ಟೆಯನ್ನು ಪುಡಿ ಮಾಡಿ ಮಲಗಿತು.

ಎಲ್ಲರ ಕಣ್ಣೂ ಮೇಲಿದ್ದ ಸಣ್ಣಪ್ಪನ ಕಡೆ ತಿರುಗಿತು. ಅವನ ಬಾಯಿಂದ ಮಾತು ಹೊರಬಿತ್ತು.

“ಹಗ್ಗ ಬಿಟ್ಟಳಲ್ರೀ.”

ಹೊಳಿಯಮ್ಮ ತಲೆ ಎತ್ತಿ ನೋಡಿದಳು, ಅಷ್ಟೆ. ಹೆಂಗಸರ ಕೈಗೆ ಇಂಥ ಕೆಲಸ ಯಾಕೆ ಕೊಡಬೇಕು ಎಂದು ಪ್ರಭುರಾಜ ರೇಗಿದ. ಓಣಿಯವರು ಹೌದೆಂದು ತಲೆಯಾಡಿಸಿದರು. ಸಣ್ಣಪ್ಪ ಯಾರ ಕಣ್ಣಿಗೂ ಬೀಳದ ಹಾಗೆ ಪಟ್ಟಿಯನ್ನು ಬಿಚ್ಚಿ ಚೀಲದೊಳಗೆ ಹಾಕಿಕೊಂಡು ಇಳಿದ. ಉಳಿದ ಮರಕ್ಕೆ ಗಂಡಸರನ್ನು ಕರೆದುಕೊಂಡು ಬಾ ಎಂದು ಹೇಳಿ ಕಳಿಸಿದರು.

ಬಸ್ಸಿನಲ್ಲಿ ಹೊಳಿಯಮ್ಮ ಅಂಗೈಗಳನ್ನು ಮೇಲೆ ಮಾಡಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಚರ್ಮ ಸುಲಿದಿತ್ತು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವಳು ಕಿಟಕಿಯಿಂದ ಹೊರಗಿನ ಭತ್ತದ ಗದ್ದೆಗಳನ್ನು ನೋಡುತ್ತ ಬಂದಳು.

ಮನೆ ಮುಟ್ಟಿದ ಮೇಲೆ ಸಣ್ಣಪ್ಪ ಪಕ್ಕದ ಮನೆಯ ಬಾಷಾಬಿಯ ಹತ್ತಿರ ಸುಟ್ಟ ಗಾಯದ ಮುಲಾಮು ಕೇಳಲು ಹೋದ. ಏನಾಯಿತೆಂದು ಬಾಷಾಬಿ ಕೇಳಿದಳು. ಇಲ್ಲಿ ಯಾವ ಜನರೂ ಇರಲಿಲ್ಲ, ಯಾರ ನಗೆಯೂ ಇರಲಿಲ್ಲ. ಆದರೂ ಆಕೆಯ ಕೈಯಿಂದ ಹಗ್ಗ ಜಾರಿತು ಎಂದೇ ಹೇಳಿದ. ಮೊದಲನೆಯದು ಗಾಬರಿಗೆ ಬಂದ ಸುಳ್ಳು. ಇದು ಹಾಗಲ್ಲ. ಅದು ಅವನಿಗೂ ಗೊತ್ತಿತ್ತು.

ಬಾಷಾಬಿ ಮುಲಾಮಿನ ಜೊತೆ ರೊಟ್ಟಿಯನ್ನೂ ತಂದಳು. ಹೊಳಿಯಮ್ಮನ ಕೈ ನೋಡಿ ಮರುಗಿ, ಇಷ್ಟು ವರ್ಷ ಹಿಡಿದವಳು ಇವತ್ತು ಹೇಗೆ ಬಿಟ್ಟೆ ಎಂದು ಕೇಳಿದಳು. ಸಣ್ಣಪ್ಪ ಒಳಗೆ ನಿಂತು ಕೇಳುತ್ತಿದ್ದ.

“ಹೂಂ ಬಾಷಾಬಿ,” ಅಂದಳು ಹೊಳಿಯಮ್ಮ. “ಜಾರ್‍ತು.”

ಅವಳ ಬಾಯಿಂದ ಯಾವತ್ತೂ ಸುಳ್ಳು ಬಂದದ್ದನ್ನು ಸಣ್ಣಪ್ಪ ಕೇಳಿರಲಿಲ್ಲ. ಅವನ ಮಾನ ಕಾಯಲು ಅವಳು ತನ್ನ ಕಸುಬಿನ ಹೆಸರನ್ನೇ ಬಿಟ್ಟುಕೊಟ್ಟಿದ್ದಳು. ಅಂಗೈಯಲ್ಲಿ ರೊಟ್ಟಿ ಮುರಿಯಲಾಗದೆ ಅವಳು ಬೆರಳ ತುದಿಗಳಿಂದ ತಿನ್ನುವುದನ್ನು ನೋಡಲಾಗದೆ ಅವನು ಹೊರಗೆ ಹೋಗಿ ಕೂತ.

ಕೆಲವು ದಿನ ಕಳೆದು, ಮಿಲ್ಲಿನಲ್ಲಿ ಹಮಾಲಿ ಮಾಡುವ ಮರ್ದಾನಸಾಬನನ್ನು ಕರೆದುಕೊಂಡು ಸಣ್ಣಪ್ಪ ಮತ್ತೆ ಕೊಪ್ಪಳಕ್ಕೆ ಹೋದ. ಸಾಬ ಗಟ್ಟಿ ಆಳು, ಆದರೆ ಹಗ್ಗದ ಮಾತು ಗೊತ್ತಿಲ್ಲದವನು. ಮರ ಹತ್ತಿದಾಗ ಸಣ್ಣಪ್ಪನ ಮುಖದ ಎದುರಿಗೇ ಪಟ್ಟಿ ಜಾರಿ ತೊಗಟೆ ಕೆತ್ತಿಕೊಂಡು ಹೋದ ಗುರುತು ಇತ್ತು. ಕೆಳಗಿನವರಿಗೆ ಅದು ಕಾಣುತ್ತಿರಲಿಲ್ಲ. ಅವನು ದಪ್ಪ ಹಗ್ಗ ತೆಗೆದು, ಎರಡು ಸುತ್ತು ಹಾಕಿ, ಕಣ್ಣು ಮುಚ್ಚಿ ತಾಯಿಯ ಕ್ಷಮೆ ಕೇಳಿ ಕುಣಿಕೆಯೊಳಗೆ ತೂರಿಸಿದ.

ವಿರೂಪಾಕ್ಷಮ್ಮ ಒಡೆದ ತುಳಸಿಕಟ್ಟೆಯ ಹತ್ತಿರ ನಿಂತು ನೋಡುತ್ತಿದ್ದಳು. “ಅವತ್ತು ಬ್ಯಾಡಂದ್ರ ಕೇಳಿದ್ಯಲ್ಲಪಾ, ಇವತ್ತ ಯಾಕ ಅದನ್ನ ಹಾಕಾಕ್ಹತ್ತೀಯ?”

ಈ ಕೊಂಬೆ ದಪ್ಪ ಇದೆ ಎಂದು ಹೇಳಿಬಿಡಬಹುದಿತ್ತು. ಆ ಮಾತು ನಾಲಿಗೆಯ ಮೇಲೆ ತಯಾರಾಗಿಯೇ ಇತ್ತು. ಸಣ್ಣಪ್ಪ ಕೆತ್ತಿದ ತೊಗಟೆಯನ್ನು ನೋಡಿದ.

“ಅವತ್ತ ಆಕಿ ಹಗ್ಗ ಬಿಟ್ಟಿರಲಿಲ್ರೀ ಅವ್ವಾ. ನಾ ಕಟ್ಟಿದ್ದು ಜಾರ್‍ತು. ಆಕಿ ಹೇಳಿದ್ಲು, ನಾ ಕೇಳಲಿಲ್ಲ. ಆಕಿ ಹಿಡದಿದ್ದಕ್ಕ ನಿಮ್ಮ ಸೊಸಿ ಉಳದಾಳ.”

ಪ್ರಭುರಾಜ ಫೋನಿನಿಂದ ತಲೆ ಎತ್ತಿದ. ಮರ್ದಾನಸಾಬ ಹಗ್ಗ ಕೆಳಗಿಟ್ಟ. ಎಲ್ಲರೂ ನೋಡುತ್ತಿರುವಾಗ ಮೇಲೆ ಕೂತಿರುವುದು ಇಷ್ಟು ಕಷ್ಟವೆಂದು ಸಣ್ಣಪ್ಪನಿಗೆ ಯಾವತ್ತೂ ಅನಿಸಿರಲಿಲ್ಲ. ಮರೆಯಾಗಲು ಸುತ್ತಲಿನ ಎಲೆಗಳು ಸಾಲುತ್ತಿರಲಿಲ್ಲ.

ಮುದುಕಿ ಮರದ ಬುಡಕ್ಕೆ ಬಂದಳು. “ಕುಣಿಕಿ ಬ್ಯಾಡಂದಾಕಿ ನಾನು. ಅಷ್ಟು ತಪ್ಪು ನಂದು. ಆಕಿ ಮ್ಯಾಲೆ ಹಾಕಿದ್ದು ಮಾತ್ರ ನಿಂದು,” ಅಂದಳು. ಆಮೇಲೆ, “ಇಳಿ ಇನ್ನ. ಆಕಿ ಕೈ ಮಾಯಲಿ. ಆಕಿ ಬರೂತನಕ ತಾಯಿ ಹಿಂಗ ನಿಂತಿರ್ತಾಳ,” ಎಂದು ಒಳಗೆ ಹೋದಳು. ಮಗ ಏನೋ ಹೇಳಲು ಹೋದರೆ ಕೇಳಲಿಲ್ಲ.

ಸಣ್ಣಪ್ಪ ಮನೆಗೆ ಬಂದು ಚೀಲ ಇಳಿಸುವ ಮೊದಲೇ ಹೊಳಿಯಮ್ಮನಿಗೆ ಎಲ್ಲವನ್ನೂ ಹೇಳಿದ. ಹೇಳುತ್ತ ಹೇಳುತ್ತ ಎದೆ ಹಗುರಾಗಿ, ಅವಳ ಮುಖವೂ ಹಾಗೆಯೇ ಹಗುರಾಗುತ್ತದೆ ಎಂದುಕೊಂಡ. ಅವಳು ದೇವರ ಮುಂದಿನ ದೀಪಕ್ಕೆ ಬತ್ತಿ ಹಾಕುತ್ತಿದ್ದಳು. ಅಂಗೈ ಮಡಚಲು ಬಾರದೆ ಎರಡು ಬೆರಳಲ್ಲಿ ಹೊಸೆಯುತ್ತಿದ್ದಳು.

“ಕೊಪ್ಪಳದಾಗ ಹೇಳಿ ಬಂದಿ. ಛಲೋ ಆತು,” ಅಂದಳು. “ನಾ ಇರೂದು ಈ ಓಣ್ಯಾಗ. ಬಾಷಾಬಿ ಮುಂದ ನನ್ನ ಬಾಯಿಲೆ ಸುಳ್ಳ ಆಡಸಿದಿ. ಅದನ್ನ ನಾ ಹೆಂಗ ವಾಪಸ್ ತೊಗೊಳ್ಳಲಿ?”

ಅವನು ನಾಳೆ ಹೇಳುತ್ತೇನೆ ಅಂದ. ಅವಳು ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿ ಇಟ್ಟಳು, ಹಚ್ಚಲಿಲ್ಲ. ಸಣ್ಣಪ್ಪ ಆಗಲೇ ಪಕ್ಕದ ಮನೆಗೆ ನಡೆದ.

ಬಾಷಾಬಿಯ ಕಟ್ಟೆಯ ಮೇಲೆ ಅವಳ ಜೊತೆ ಓಣಿಯ ಶಿವಲಿಂಗಮ್ಮನೂ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಬಾಷಾಬಿ ಒಬ್ಬಳೇ ಇದ್ದಿದ್ದರೆ ಆಗಿತ್ತು ಎಂದು ಸಣ್ಣಪ್ಪನಿಗೆ ಅನಿಸಿತು. ಹಿಂದಿರುಗಲು ಒಂದು ಹೆಜ್ಜೆ ಎತ್ತಿದವನು, ತನ್ನ ಬಾಗಿಲು ತೆರೆದೇ ಇರುವುದನ್ನು ನೋಡಿ ನಿಂತ. ಏನು ಸಣ್ಣಪ್ಪ, ಮುಲಾಮು ಮುಗಿಯಿತೇನು ಎಂದು ಬಾಷಾಬಿ ಮೊರ ಸರಿಸಿ ಎದ್ದಳು.

“ಅದಕ್ಕಲ್ರೀ. ಕುಂದರ್ರಿ,” ಅಂದ ಅವನು. “ಅವತ್ತ ನಾ ನಿಮ್ಗ ಸುಳ್ಳ ಹೇಳೀನಿ.”

ಶಿವಲಿಂಗಮ್ಮ ಅಕ್ಕಿ ಆರಿಸುವುದನ್ನು ಬಿಟ್ಟಳು. ಅವನು ನಿಂತೇ ಹೇಳತೊಡಗಿದ, ಗಡಗಡಿ ಕಟ್ಟಿದಲ್ಲಿಂದ.